ಮಗ್ಗದ ಕುಣಿಯಿಂದ ಎದ್ದ ದೊರೆ

ಇಂಡಿ ಪಂಪ್‌ ಹತ್ತಿರ ಬಸ್ಸಿಳಿದು, ಮಿರ್ಚಿ ಕರಿಯುವ ಎಣ್ಣೆಯ ವಾಸನೆಯನ್ನು ದಾಟಿ ಓಣಿಗೆ ಹೊರಳಿದರೆ, ಸಂಜೆ ಏಳರ ಹಳೇ ಹುಬ್ಬಳ್ಳಿ ದಿನದ ವ್ಯಾಪಾರ ಮುಗಿಸುವ ಗಡಿಬಿಡಿಯಲ್ಲಿರುತ್ತದೆ. ಚುನಮುರಿ ಅಂಗಡಿಯವನು ಚೀಲದ ಬಾಯಿ ಸುತ್ತುತ್ತಾನೆ. ಕಟ್ಟೆಯ ಮೇಲೆ ಕಾಲು ಚಾಚಿದ ಅಜ್ಜಿಯರು ಎಲೆಗೆ ಸುಣ್ಣ ಹಚ್ಚುತ್ತ ಹಾದುಹೋಗುವವರ ಮುಖ ಓದುತ್ತಾರೆ. ಮಸೀದಿಯ ಆಜಾನ್ ಮುಗಿಯುವ ಹೊತ್ತಿಗೆ ಗಾಳಿ ಈ ಕಡೆ ತಿರುಗಿದ್ದರೆ ಸಿದ್ಧಾರೂಢ ಮಠದ ಭಜನೆಯ ತಾಳ ಬಂದು ಕಿವಿಗೆ ತಾಗುತ್ತದೆ. ತಿರುಗದಿದ್ದರೆ ದೂರದ ರೈಲಿನ ಕೂಗು. ಬನ್ನಿ, ಇನ್ನೂ ನಾಲ್ಕು ಹೆಜ್ಜೆ. ಗಟಾರಿನ ಮೇಲಿನ ಕಲ್ಲು ಅಲ್ಲಾಡುತ್ತದೆ, ನೋಡಿ ಕಾಲಿಡಿ. ಆ ತಗ್ಗು ಬಾಗಿಲಿನ ಮನೆಯೇ ನಾವು ಹೋಗಬೇಕಾದದ್ದು. ಒಳಗಿನಿಂದ ಪೇಟಿಯ ಒಂದೇ ಸ್ವರ ಎಳೆದೆಳೆದು ಬರುತ್ತಿದೆ, ಯಾರೋ ಬಾಗಿಲ ಹಿಂದೆ ನಿಂತು ಉಸಿರು ಬಿಡುತ್ತಿರುವ ಹಾಗೆ.

ಬಾಗಿ ಒಳಗೆ ಬಂದರೆ ಮೊದಲು ಮೂಗಿಗೆ ತಟ್ಟುವುದು ಗಂಜಿಯ ಹಳೆಯ ಹುಳಿವಾಸನೆ. ಇದು ಮಗ್ಗದ ಮನೆ. ಮಗ್ಗ ನಿಂತು ಎಷ್ಟೋ ವರ್ಷವಾದರೂ ನೂಲಿಗೆ ಹಚ್ಚುತ್ತಿದ್ದ ಗಂಜಿ ಗೋಡೆಯಿಂದ ಬಿಟ್ಟುಹೋಗಿಲ್ಲ. ಉದ್ದನೆಯ ಕೋಣೆ, ತಗಡಿನ ಮಾಡು, ತೊಲೆಗಳ ಮೇಲೆ ಹತ್ತಿಯ ಧೂಳು ಮಂಜಿನಂತೆ ಕೂತಿದೆ. ನಾಲ್ಕು ಮಗ್ಗಗಳಲ್ಲಿ ಮೂರನ್ನು ಕಟ್ಟಿಗೆಯ ಬೆಲೆಗೆ ಮಾರಿದ್ದಾರೆ. ಒಂದನ್ನು ಬಿಚ್ಚಿ ಮೂಲೆಗೆ ಒರಗಿಸಿದ್ದಾರೆ. ಆದರೆ ಕುಣಿಗಳನ್ನು ಮಾರಲಾಗದು. ನೇಕಾರ ಕಾಲು ಇಳಿಬಿಟ್ಟು ಕೂತು ತುಳಿಗೋಲು ತುಳಿಯುತ್ತಿದ್ದ ಆ ನಾಲ್ಕು ತಗ್ಗುಗಳು ನೆಲದಲ್ಲಿ ಹಾಗೇ ಇವೆ, ಮೇಲೆ ಹಲಗೆ ಮುಚ್ಚಿಸಿಕೊಂಡು. ನಡೆದಾಡುವಾಗ ಆ ಹಲಗೆಗಳು ಟೊಳ್ಳಾಗಿ ಸದ್ದು ಮಾಡುತ್ತವೆ. ನಮ್ಮ ಕಡೆ ಕುಣಿ ಎಂದರೆ ಮಗ್ಗದ ತಗ್ಗೂ ಹೌದು, ಸತ್ತವರನ್ನು ಇಡುವ ತಗ್ಗೂ ಹೌದು. ಇಲ್ಲಿ ಆಡಲಿರುವ ನಾಟಕ ಈ ಮನೆಗೆ ಬಂದದ್ದು ಆ ಒಂದು ಶಬ್ದದ ದೆಸೆಯಿಂದ ಎಂದರೆ ತಪ್ಪಾಗಲಾರದು.

ಗೋಡೆಗೆ ಒರಗಿ ಇಲ್ಲೇ ಕೂರೋಣ. ತಾಲೀಮು ಶುರುವಾಗುತ್ತಿದೆ. ಇಲ್ಲಿಯವರು ರಿಹರ್ಸಲ್ ಎನ್ನುವುದಿಲ್ಲ. ಗರಡಿಮನೆಯ ಕುಸ್ತಿಗೂ ನಾಟಕಕ್ಕೂ ಅದೇ ಮಾತು, ತಾಲೀಮು. ಬೆವರು ಎರಡಕ್ಕೂ ಬೇಕು ಎಂಬ ತಿಳಿವಳಿಕೆ ಆ ಮಾತಿನಲ್ಲಿದೆ. ಬಂದವರು ಒಬ್ಬೊಬ್ಬರೇ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬರುತ್ತಾರೆ. ಸಾರಿಗೆ ಸಂಸ್ಥೆಯ ಕಂಡಕ್ಟರ್ ಒಬ್ಬರು ಖಾಕಿ ಅಂಗಿ ಕಳಚಿ ಗೂಟಕ್ಕೆ ಹಾಕಿ ಮಂತ್ರಿ ನಿಂಬಯ್ಯನಾಗುತ್ತಾರೆ. ಮೊಬೈಲ್ ರಿಪೇರಿ ಅಂಗಡಿಯ ಹುಡುಗ ರಾಜಕುಮಾರ. ನರ್ಸಿಂಗ್ ಓದುವ ಹುಡುಗಿ ರುದ್ರಾಂಬೆ. ರಾತ್ರಿ ಪಾಳಿ ಇದ್ದ ದಿನ ಬಿಳಿ ಸಮವಸ್ತ್ರದಲ್ಲೇ ಬಂದು, ಹತ್ತಕ್ಕೆ ಓಡುತ್ತಾಳೆ. ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ದರ್ಜಿ ಚಾಚಾ ಹಳೆಯ ಮಖಮಲ್ ಪರದೆಯನ್ನು ನಿಲುವಂಗಿಯಾಗಿ ಮಾರ್ಪಡಿಸುತ್ತಿದ್ದಾರೆ. ನಿರ್ದೇಶಕರು ನಿವೃತ್ತ ಶಾಲಾಮಾಸ್ತರರು. ಎಲ್ಲ ಸೇರಿ ಹದಿನಾಲ್ಕು ಜನ. ‘ಹೆಸರು ಹಾಕಬ್ಯಾಡ್ರಿ, ನಾಟಕದ ಹೆಸರು ಬರೀರಿ ಸಾಕು’ ಎಂದು ಮೊದಲ ದಿನವೇ ಹೇಳಿದ್ದರಿಂದ ನಾನೂ ಅವರನ್ನು ಹೀಗೆ ಕಸುಬಿನಿಂದಲೇ ಗುರುತಿಸುತ್ತೇನೆ.

ನಾಟಕದ ಹೆಸರು ‘ರಕ್ತಾಕ್ಷಿ’. ಕುವೆಂಪು ಅವರದು, 1932ರಲ್ಲಿ ಬಂದದ್ದು. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಡೆನ್ಮಾರ್ಕಿನ ಚಳಿಯ ಕೋಟೆಯಿಂದ ಹೊರಟು ಮಲೆನಾಡಿನ ಬಿದನೂರಿಗೆ ಬಂದು ಸೇರಿದ ಕಥೆ ಅದು. ಸತ್ತ ದೊರೆ, ವಿಧವೆ ರಾಣಿ, ಅವಳ ಪಕ್ಕದಲ್ಲಿ ಅಧಿಕಾರದ ಆಸೆಯ ಮಂತ್ರಿ, ಅಪ್ಪನ ಸಾವಿನ ಹಿಂದಿನ ಕೈ ಯಾರದೆಂದು ತಿಳಿಯದೆ ಬೇಯುವ ಮಗ ಬಸವಯ್ಯ. ಕುವೆಂಪು ದೊಡ್ಡ ಬದಲಾವಣೆ ಮಾಡಿದ್ದು ಹೆಣ್ಣಿನ ಪಾತ್ರದಲ್ಲಿ. ಅಲ್ಲಿಯ ಒಫೀಲಿಯಾ ಹುಚ್ಚಿಯಾಗಿ ಹೊಳೆಯಲ್ಲಿ ತೇಲಿಹೋಗುತ್ತಾಳೆ. ಇಲ್ಲಿಯ ರುದ್ರಾಂಬೆ ಕಣ್ಣು ಕೆಂಪಾಗಿಸಿಕೊಂಡು ರಕ್ತಾಕ್ಷಿಯಾಗಿ ಸೇಡಿಗೆ ನಿಲ್ಲುತ್ತಾಳೆ. ನಮ್ಮ ನೆಲದಲ್ಲಿ ಸಿಟ್ಟುಗೊಂಡ ಹೆಣ್ಣು ಮಾರಿಯಾಗುತ್ತಾಳೆಯೇ ಹೊರತು ಹೂವಿನ ಜೊತೆ ತೇಲುವುದಿಲ್ಲ ಎಂಬುದನ್ನು ಕುವೆಂಪು ಬಲ್ಲವರಾಗಿದ್ದರು. ಆ ನರ್ಸಿಂಗ್ ಹುಡುಗಿಗೆ ಈ ಪಾತ್ರವನ್ನು ಯಾರೂ ವಿವರಿಸಬೇಕಾಗಲಿಲ್ಲ.

ಇತಿಹಾಸದ ಬಿದನೂರೇ ನಾಟಕಕ್ಕಿಂತ ಹೆಚ್ಚು ಕತ್ತಲೆಯದು. ಅಲ್ಲಿಂದ ಆಳುತ್ತಿದ್ದ ಕೆಳದಿಯ ದೊರೆ ಬಸಪ್ಪ ನಾಯಕ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದವನು ಚೆನ್ನಬಸಪ್ಪ ನಾಯಕನೆಂಬ ದತ್ತುಮಗ. ರಾಣಿ ವೀರಮ್ಮಾಜಿ ಅವನ ಪರವಾಗಿ ಆಳಿದಳು. ಆ ಹುಡುಗನನ್ನು ಅರಮನೆಯೊಳಗೇ ಮುಗಿಸಿದರು ಎಂಬ ಮಾತು ಹಬ್ಬಿತು. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಏರಿಬಂದಾಗ ಅವನ ದಂಡಿನಲ್ಲಿ ಒಬ್ಬ ಯುವಕನಿದ್ದ. ಸತ್ತನೆಂದು ನೀವು ನಂಬಿದ ಚೆನ್ನಬಸಪ್ಪ ನಾನೇ, ಎಂದ. ಕಣ್ಣಿಗೆ ಕಾಣದ ಲೋಕದಿಂದ ಬಂದವನೆಂದು ಸೈನಿಕರು ಅವನನ್ನು ‘ಗೈಬು ರಾಜ’ ಎಂದು ಕರೆದರು. ರಾಣಿ ಅರಮನೆಗೆ ಬೆಂಕಿ ಇಡಲು ಹೇಳಿ ಬಲ್ಲಾಳರಾಯನದುರ್ಗದ ಕಡೆ ಓಡಿದಳು. ಕೊನೆಗೆ ಸಿಕ್ಕಿಬಿದ್ದು ಮಧುಗಿರಿಯಲ್ಲಿ ಸೆರೆಯಾದಳು. ಬಿದನೂರು ಹೈದರನಗರವಾಯಿತು, ಈಗ ಹೊಸನಗರ ತಾಲೂಕಿನ ನಗರ. ಇದಾದ ಮರುವರ್ಷ, 1764ರಲ್ಲಿ, ಇಂಗ್ಲೆಂಡಿನಲ್ಲಿ ಹೊರೇಸ್ ವಾಲ್‌ಪೋಲ್ ಪಾಳುಕೋಟೆ, ಪ್ರೇತ, ಶಾಪಗಳ ಒಂದು ಕಾದಂಬರಿ ಪ್ರಕಟಿಸಿದ. ಎರಡನೆಯ ಮುದ್ರಣಕ್ಕೆ ‘ಗೋಥಿಕ್ ಕಥೆ’ ಎಂಬ ಉಪಶೀರ್ಷಿಕೆ ಕೊಟ್ಟ. ಜಗತ್ತು ಗೋಥಿಕ್ ಎಂದು ಕರೆಯುವ ಸಾಹಿತ್ಯ ಹುಟ್ಟಿದ್ದು ಆಗ. ಅವನೂ ಶೇಕ್ಸ್‌ಪಿಯರನನ್ನೇ ಗುರುವೆಂದು ನೆನೆದಿದ್ದಾನೆ. ಅವನು ಕಲ್ಪಿಸಿಕೊಂಡದ್ದು ನಮ್ಮ ಸಹ್ಯಾದ್ರಿಯ ಮಡಿಲಲ್ಲಿ ಆಗಷ್ಟೇ ನಡೆದು ಹೊಗೆಯಾಡುತ್ತಿತ್ತು. ಮಾಸ್ತರರು ಈ ಎರಡು ಇಸವಿಗಳನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದಿಟ್ಟಿದ್ದಾರೆ. ಪಕ್ಕದಲ್ಲೇ ಹಾಲಿನ ಲೆಕ್ಕವೂ ಇದೆ.

ಹಾಂ, ಪೇಟಿ ಮತ್ತೆ ಶುರುವಾಯಿತು. ಆ ಸ್ವರ ಕೇಳಿ. ಮಾಲಕಂಸ್. ನಡುರಾತ್ರಿಯ ರಾಗ, ಹೊತ್ತಲ್ಲದ ಹೊತ್ತಿನಲ್ಲಿ, ಒಬ್ಬನೇ ಇದ್ದಾಗ ಹಾಡಿದರೆ ಕಾಣದವರು ಬಂದು ಕೇಳುತ್ತಾರೆಂಬ ನಂಬಿಕೆ ಹಾಡುವವರಲ್ಲಿ ಇವತ್ತಿಗೂ ಇದೆ. ಸವಾಯಿ ಗಂಧರ್ವರ ಕುಂದಗೋಳ ಇಲ್ಲಿಗೆ ಹತ್ತಿರವೇ. ಅವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿಬರುತ್ತಿದ್ದ ಗಂಗೂಬಾಯಿ ಹಾನಗಲ್ಲರು ಬಾಳಿದ ಊರಿದು. ಹಾಗಾಗಿ ಹುಬ್ಬಳ್ಳಿಯಲ್ಲಿ ಪೇಟಿ ಮಾಸ್ತರನಿಗೆ ಯಾರೂ ‘ಭಯದ ಮ್ಯೂಸಿಕ್ ಹಾಕು’ ಎನ್ನುವುದಿಲ್ಲ. ಯಾವ ರಾಗ, ಯಾವ ಸಪ್ತಕ ಎಂದೇ ಕೇಳುತ್ತಾರೆ. ಈ ಪೇಟಿ ಮಾಸ್ತರರು ರಾಗವನ್ನು ಪೂರ್ತಿ ಬಿಡಿಸುವುದಿಲ್ಲ. ಮಂದ್ರದಲ್ಲಿ ಮಧ್ಯಮ ಹಿಡಿದು, ಅಲ್ಲಿಂದ ಕೋಮಲ ಗಾಂಧಾರಕ್ಕೆ ಜಾರಿ, ಷಡ್ಜಕ್ಕೆ ಬರುವ ಮೊದಲೇ ನಿಲ್ಲಿಸಿಬಿಡುತ್ತಾರೆ. ಕೇಳುವವರ ಮನಸ್ಸು ಆ ಷಡ್ಜಕ್ಕಾಗಿ ಹಾತೊರೆಯುತ್ತ ಕತ್ತಲಲ್ಲಿ ಉಳಿದುಬಿಡುತ್ತದೆ. ನಾನು ಮೂರು ಸಂಜೆ ಕೇಳಿದ್ದೇನೆ, ಮೂರೂ ಸಂಜೆ ತೋಳಿನ ರೋಮ ಎದ್ದಿವೆ.

ಗುಡುಗು ಮಾತ್ರ ಅಪ್ಪಟ ಮನೆಯದು. ತೊಲೆಯಿಂದ ಆರಡಿಯ ತಗಡು ಇಳಿಬಿಟ್ಟಿದ್ದಾರೆ. ಅದರ ಅಂಚು ಹಿಡಿದು ಅಲ್ಲಾಡಿಸಿದರೆ ಮೊದಲು ಗುರುಗುಟ್ಟಿ, ಆಮೇಲೆ ಸಿಡಿಯುತ್ತದೆ. ಗೂಗಿಯ ಕೂಗು ಏಳನೆಯ ಇಯತ್ತೆಯ ಹುಡುಗನೊಬ್ಬನದು. ಎರಡೂ ಅಂಗೈ ಬಟ್ಟಲು ಮಾಡಿ ಹೆಬ್ಬೆರಳ ಸಂದಿಯಲ್ಲಿ ಊದುತ್ತಾನೆ. ಓಣಿಯ ನಾಯಿಗಳು ಅದಕ್ಕೆ ಉತ್ತರ ಕೊಟ್ಟದ್ದರಿಂದ ಅವನ ಬೆಲೆ ಏರಿದೆ. ಹೊಗೆಗೆ ಯಂತ್ರ ಬಾಡಿಗೆಗೆ ತರುವಷ್ಟು ದುಡ್ಡಿಲ್ಲ. ದರ್ಜಿ ಚಾಚಾ ದರ್ಗಾದ ಮುಂದಿನ ಅಂಗಡಿಯಿಂದ ಲೋಬಾನ ತಂದು ಕೆಂಡದ ಮೇಲೆ ಉದುರಿಸುತ್ತಾರೆ. ಆ ಹೊಗೆ ನೆಲ ಬಿಟ್ಟು ಏಳಲು ಹೊತ್ತು ಹಿಡಿಯುತ್ತದೆ, ಹಲಗೆಗಳ ಸಂದಿಗುಂಟ ಹರಿದಾಡುತ್ತದೆ. ಗೋರಿಯ ಮುಂದೆ ಕೈ ಮುಗಿದು ನಿಂತವರಿಗೂ ಮಠದ ಗದ್ದುಗೆಯ ಮುಂದೆ ನಿಂತವರಿಗೂ ಆ ವಾಸನೆ ಗೊತ್ತು. ಸತ್ತವರ ಸನ್ನಿಧಿಯಲ್ಲಿ ನಿಂತ ನೆನಪನ್ನು ಅದು ಮೂಗಿನ ಮೂಲಕವೇ ಎಬ್ಬಿಸಿಬಿಡುತ್ತದೆ. ಬೆಳಕು ಎರಡೇ: ಒಂದು ಕಂದೀಲು, ಒಂದು ನೀಲಿ ಕಾಗದ ಕಟ್ಟಿದ ದೀಪ.

ಕಷ್ಟವಾದದ್ದು ನಾಲಿಗೆ. ‘ಹೋಗ್ತೇನಿ’, ‘ಮಾಡಾಕತ್ತೇನಿ’ ಎಂದು ಬೆಳೆದ ಬಾಯಿಗೆ ಕುವೆಂಪು ಅವರ ಗಂಭೀರ ಕನ್ನಡ ಮೊದಮೊದಲು ಬಿಗಿ ಅಂಗಿಯಂತೆ ಹಿಡಿಯಿತು. ರಾಜಕುಮಾರ ಸಿಟ್ಟಿನ ನಡುವೆ ಒಮ್ಮೆ ‘ಏನಲೇ’ ಎಂದುಬಿಟ್ಟ. ನಕ್ಕವರನ್ನು ಮಾಸ್ತರರು ಸುಮ್ಮನಾಗಿಸಿದರು. ‘ಸಿಟ್ಟು ಖರೇ ಬಂದೈತಿ, ಅದಕ್ಕ ಆ ಮಾತು ಬಂತು. ಸಿಟ್ಟು ಇಟಗೋ, ಮಾತು ಬದಲಿಸು’ ಎಂದರು. ಧಾರವಾಡದಲ್ಲಿ ಶ್ರೀರಂಗರು ಹವ್ಯಾಸಿಗಳನ್ನು ಕಟ್ಟಿಕೊಂಡು ನಾಟಕ ಆಡಿಸಿದ ಸೀಮೆ ಇದು. ಗದಗಿನಲ್ಲಿ ಶಾಂತಕವಿಗಳು ಕೃತಪುರ ನಾಟಕ ಮಂಡಳಿ ಕಟ್ಟಿ ಕನ್ನಡದ ನಾಟಕವನ್ನು ಕನ್ನಡಿಗರಿಗೆ ಮರಳಿಸಿದ ಸೀಮೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿ, ರಾತ್ರಿ ಬಂದು ಬಣ್ಣ ಹಚ್ಚುವವರ ದೊಡ್ಡ ಸಾಲು ಇಲ್ಲಿದೆ. ಆ ಸಾಲಿನ ತುದಿಯಲ್ಲಿ ಈ ಹುಡುಗ ನಿಂತು, ಒಂದೇ ವಾಕ್ಯವನ್ನು ಹನ್ನೊಂದನೆಯ ಸಲ ಹೇಳುವುದನ್ನು ನೋಡುವಾಗ ನನಗೆ ಅವನ ಮೇಲೆ ಪ್ರೀತಿ ಉಕ್ಕುತ್ತದೆ.

ಈಗ ಆ ಮೂಲೆಯ ಕುಣಿಯ ಕಡೆ ನೋಡಿ. ಅಲ್ಲಿ ಕಾಲು ಇಳಿಬಿಟ್ಟು ಕೂತು ಚಹಾ ಕುಡಿಯುತ್ತಿರುವ ಅಜ್ಜನೇ ಈ ಮನೆಯ ಯಜಮಾನ. ಅರವತ್ತೆಂಟು ವರ್ಷ. ನಲವತ್ತು ವರ್ಷ ಅದೇ ಕುಣಿಯಲ್ಲಿ ಕೂತು ಸೀರೆ ನೇಯ್ದವರು. ಸತ್ತ ದೊರೆಯ ಪ್ರೇತ ಅವರದೇ ಪಾತ್ರ. ಶೇಕ್ಸ್‌ಪಿಯರ್ ಸ್ವತಃ ‘ಹ್ಯಾಮ್ಲೆಟ್’ನಲ್ಲಿ ಪ್ರೇತದ ಪಾತ್ರ ಮಾಡುತ್ತಿದ್ದನೆಂದು ಹಳೆಯ ಜೀವನಚರಿತ್ರೆಕಾರರು ಬರೆದಿದ್ದಾರೆ. ಅವನ ಕಾಲದ ರಂಗಸ್ಥಳದ ನೆಲದಲ್ಲೂ ಒಂದು ಕಳ್ಳಬಾಗಿಲಿತ್ತು, ಪ್ರೇತದ ದನಿ ಕೆಳಗಿನಿಂದಲೇ ಬರುತ್ತಿತ್ತು. ಈ ಮಾತು ಹೇಳಿದಾಗ ಅಜ್ಜ, ‘ಅವರ ಊರಾಗೂ ನೇಕಾರರು ಇದ್ದಿರಬೇಕು’ ಎಂದರು.

ಅವರು ಈ ಪಾತ್ರಕ್ಕೆ ಸುಲಭವಾಗಿ ಒಪ್ಪಲಿಲ್ಲ. ಎರಡು ದಿನ ತಾಲೀಮು ನಿಂತಿತ್ತು. ಕಾರಣ ಭಯವಲ್ಲ, ನಂಬಿಕೆ. ಕೆಳದಿಯ ಅರಸರು ವೀರಶೈವರು. ಲಿಂಗ ಕಟ್ಟಿದವರು ತೀರಿಕೊಂಡರೆ ಕುಣಿಯಲ್ಲಿ ಕೂಡಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆಯಿಂದ ಮುಚ್ಚುತ್ತಾರೆ. ಅವರನ್ನು ಸತ್ತರು ಎನ್ನುವುದೂ ಇಲ್ಲ, ಲಿಂಗೈಕ್ಯರಾದರು ಎನ್ನುತ್ತಾರೆ. ಕೊರಳಲ್ಲಿ ಲಿಂಗವಿರುವ ಅಜ್ಜ ಕೇಳಿದ್ದು ಇಷ್ಟೇ:

‘ಲಿಂಗದಾಗ ಕೂಡಿಕೊಂಡವ ದೆವ್ವಾಗಿ ಹೆಂಗ ಬರ್ತಾನ್ರೀ ಮಾಸ್ತರ? ಇಂಗ್ಲೆಂಡದವರಿಗೆ ಗೊತ್ತಿರಲಿಲ್ಲ ಬಿಡ್ರಿ. ಇಲ್ಲೆ ನೋಡಾವ್ರು ಕೇಳಂಗಿಲ್ಲೇನು?’

ಮಾಸ್ತರರ ಹತ್ತಿರ ಉತ್ತರವಿರಲಿಲ್ಲ. ಕುವೆಂಪು ಪುಸ್ತಕದಲ್ಲಿ ಹುಡುಕಿದರು, ಮಠದ ಪಂಡಿತರೊಬ್ಬರನ್ನು ಕೇಳಿದರು. ಮೂರನೆಯ ಸಂಜೆ ಉತ್ತರ ಬಂದದ್ದು ನರ್ಸಿಂಗ್ ಹುಡುಗಿಯಿಂದ. ಪಾಳಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತ, ತಿರುಗಿ ನೋಡಿ ಹೇಳಿದಳು:

‘ಅಜ್ಜಾ, ಅವಂಗ ಕ್ರಿಯಾ ಮಾಡಿದವರು ಯಾರು? ಕೊಂದವರ ಕೈಲೇ ವಿಭೂತಿ ಹಚ್ಚಿಸಿದ್ರ ಅದು ಹತ್ತತೈತೇನು?’

ಕೋಣೆ ಸುಮ್ಮನಾಯಿತು. ಅಜ್ಜ ಬಹಳ ಹೊತ್ತು ಲೋಟ ತಿರುಗಿಸುತ್ತ ಕೂತು, ‘ಹಂಗಾರ ಅವಾ ಬರಬೇಕವ್ವಾ. ಬರಲಿಕ್ಕೇ ಬೇಕು’ ಎಂದರು.

ಅಂದಿನಿಂದ ಪ್ರೇತದ ಬಣ್ಣ ಬದಲಾಯಿತು. ಮುಖಕ್ಕೆ ಸಫೇತಾ ಬಳಿದು, ಕಣ್ಣಿನ ಸುತ್ತ ಕಾಡಿಗೆ ತೀಡಿ, ಬಾಯಿಂದ ಕುಂಕುಮದ ನೀರು ಹರಿಸುವ ಯೋಚನೆ ಮೊದಲಿತ್ತು. ಎಲ್ಲವನ್ನೂ ಬಿಟ್ಟರು. ಅಜ್ಜ ದಿನವೂ ಹಣೆತುಂಬ ಮೂರು ಬೆರಳ ವಿಭೂತಿ ಇಟ್ಟುಕೊಳ್ಳುವವರು. ಓಣಿಯಲ್ಲಿ ಯಾರೂ ಅವರನ್ನು ಬರಿಹಣೆಯಲ್ಲಿ ನೋಡಿಲ್ಲ. ಪ್ರೇತ ಬರುವುದು ಬರಿಹಣೆಯಲ್ಲಿ. ಮೈಮೇಲೆ ರಾಜನ ಮಖಮಲ್, ತಲೆಗೆ ರುಮಾಲು, ಹಣೆಯ ಮೇಲೆ ಏನೂ ಇಲ್ಲ, ತೊಳೆದಿಟ್ಟ ಹಾಗೆ. ಮೊದಲ ಸಲ ಕಂದೀಲಿನ ಬೆಳಕಿನಲ್ಲಿ ಆ ಮುಖ ಮೇಲೆದ್ದಾಗ ನಿಂಬಯ್ಯನ ಪಾತ್ರದ ಕಂಡಕ್ಟರ್ ತನ್ನ ಮಾತು ಮರೆತು ನಿಂತರು. ಯಾವ ಬಣ್ಣವೂ ಮಾಡಲಾಗದ ಕೆಲಸವನ್ನು ಒಂದು ಚಿಟಿಕೆ ಬೂದಿಯ ಗೈರುಹಾಜರಿ ಮಾಡಿತ್ತು. ಒಂದು ಊರು ಏನನ್ನು ಪವಿತ್ರವೆಂದು ಹಿಡಿದಿದೆಯೋ ಅದು ಇಲ್ಲವಾದಾಗಲೇ ಆ ಊರಿಗೆ ದಿಗಿಲಾಗುವುದು ಎಂದು ನನಗೆ ಅನ್ನಿಸಿದ್ದು ಆ ರಾತ್ರಿ, ಈ ಗೋಡೆಗೆ ಒರಗಿ ಕೂತಾಗ.

ಪ್ರಯೋಗಕ್ಕೆ ಮೊದಲು ಒಂದು ದೊಡ್ಡ ಸಭಾಂಗಣ ನೋಡಿಬಂದಿದ್ದರು. ನಾನೂರು ಕುರ್ಚಿ, ಒಳ್ಳೆಯ ದೀಪ, ಮೈಕು. ಆದರೆ ಅಲ್ಲಿಯ ರಂಗದ ನೆಲ ಗಟ್ಟಿ ಸಿಮೆಂಟು. ‘ಸೈಡ್ ವಿಂಗಿನಿಂದ ನಡಕೋತ ಬರೋದಾದ್ರ ಅವಾ ದೊರೆ ಅಲ್ಲ, ಪಾವಣ್ಯಾ’ ಎಂದರು ಅಜ್ಜ. ಬೀಗನಂತೆ ಬಾಗಿಲಿಂದ ಬರುವ ಪ್ರೇತ ಯಾರಿಗೂ ಬೇಡವಾಯಿತು. ಎಲ್ಲರೂ ಬಾಡಿಗೆಯ ಮುಂಗಡ ಕೊಡದೆ ತಿರುಗಿ ಬಂದು, ಇಲ್ಲೇ ಆಡೋಣವೆಂದು ನಿಶ್ಚಯಿಸಿದರು. ಒತ್ತಿ ಕೂತರೆ ಎಪ್ಪತ್ತು ಜನ. ಎರಡು ರಾತ್ರಿ ಆಡಿದರೆ ನೂರನಲವತ್ತು. ಓಣಿಗೆ ಅಷ್ಟು ಸಾಕು.

ಆಟದ ಸಂಜೆ ಮಳೆ ಹನಿಯಿತು. ನಾವು ಬೇಗ ಬಂದದ್ದು ಒಳ್ಳೆಯದಾಯಿತು, ಜಾಗ ಸಿಕ್ಕಿತು. ಜಮಖಾನೆಯ ಮೇಲೆ ಮಕ್ಕಳು, ಹಿಂದೆ ಹೆಂಗಸರು, ಬಾಗಿಲ ಬಳಿ ಒದ್ದೆ ಛತ್ರಿ ಹಿಡಿದ ಗಂಡಸರು. ಕಟ್ಟೆಯ ಅಜ್ಜಿಯರೆಲ್ಲ ಎಲೆಚೀಲ ಸಮೇತ ಒಳಬಂದಿದ್ದಾರೆ. ಕಾಯಿ ಒಡೆದರು. ಅಜ್ಜ ಎಲ್ಲೂ ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ. ಜನ ಬರುವ ಮೊದಲೇ ಅವರು ಕುಣಿಗಿಳಿದು, ಮೇಲೆ ಹಲಗೆ ಎಳೆಸಿಕೊಂಡಿದ್ದರು. ಮೂರಡಿ ಆಳದ ತಗ್ಗಿನಲ್ಲಿ, ಕತ್ತಲಲ್ಲಿ, ಮುಕ್ಕಾಲು ತಾಸು. ‘ಉಸಿರು ಕಟ್ಟೂದಿಲ್ಲೇನ್ರಿ’ ಎಂದು ನಾನು ಹಿಂದಿನ ದಿನ ಕೇಳಿದ್ದೆ. ‘ಅಲ್ಲೇ ಕುಂತು ಮೂರು ಮಕ್ಕಳ ಲಗ್ನ ಮಾಡೇನಿ’ ಎಂದಿದ್ದರು.

ಕಂದೀಲು ಸಣ್ಣದಾಯಿತು. ತಗಡಿನ ಮಾಡಿನ ಮೇಲೆ ನಿಜವಾದ ಮಳೆ, ತೊಲೆಯ ತಗಡಿನಲ್ಲಿ ಮಾಡಿದ ಗುಡುಗು, ಯಾವುದು ಯಾವುದೆಂದು ತಿಳಿಯದಂತಾಯಿತು. ಗೂಗಿ ಕೂಗಿತು. ಲೋಬಾನದ ಹೊಗೆ ಹಲಗೆಗಳ ಸಂದಿಯಿಂದ ತೆವಳಿ ಬಂತು. ಪೇಟಿ ಮಂದ್ರದ ಮಧ್ಯಮದಲ್ಲಿ ನಿಂತು, ಗಾಂಧಾರಕ್ಕೆ ಜಾರಿ, ತಡೆಯಿತು. ಆಗ ನೆಲದೊಳಗಿಂದ ಒಂದು ಸದ್ದು ಕೇಳಿತು: ಟಕ್, ಟಕ್, ಟಕ್. ತಾಲೀಮಿನಲ್ಲಿ ಅದು ಎಂದೂ ಇರಲಿಲ್ಲ. ಮಾಸ್ತರರೂ ತಲೆ ಎತ್ತಿದರು. ಮುಂದೆ ಕೂತ ಅಜ್ಜಿಯೊಬ್ಬರು ಎಲೆ ಅಗಿಯುವುದನ್ನು ನಿಲ್ಲಿಸಿ, ಪಕ್ಕದವರ ಕೈ ಹಿಡಿದು, ‘ಯವ್ವಾ, ಮಗ್ಗ’ ಎಂದರು ಮೆಲ್ಲಗೆ.

ಕುಣಿಯ ತಳದಲ್ಲಿ ಉಳಿದಿದ್ದ ಹಳೆಯ ತುಳಿಗೋಲನ್ನು ಅಜ್ಜ ಕಾಲಿಂದ ತುಳಿಯುತ್ತಿದ್ದರು. ಹಲಗೆ ಸರಿಯಿತು. ಹೊಗೆಯೊಳಗಿಂದ ರುಮಾಲು, ಆಮೇಲೆ ಬರಿಹಣೆ, ಆಮೇಲೆ ಕಣ್ಣು. ಮಕ್ಕಳು ಕಿರುಚಲಿಲ್ಲ. ಯಾರೋ ಒಬ್ಬರು, ತಮಗೇ ತಿಳಿಯದೆ, ತಮ್ಮ ಹಣೆಯ ವಿಭೂತಿಯನ್ನು ಮುಟ್ಟಿ ನೋಡಿಕೊಂಡರು.